ಬಳ್ಳಾರಿ ಸಂಸದರೇ, ರಾಕೆಟ್ ಹೊಗೆಯ ಲೆಕ್ಕವನ್ನೂ ಒಮ್ಮೆ ಕೇಳಿ

ಮಾನ್ಯ ಸಂಸದರೇ, ನಮಸ್ಕಾರ.

ಸಂಡೂರಿನಿಂದ ಬರೆಯುತ್ತಿದ್ದೇನೆ. ರಸ್ತೆ, ನೀರು ಬಿಟ್ಟು ರಾಕೆಟ್ ಮಾತೇಕೆ ಅನ್ನಬೇಡಿ. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಇಸ್ರೋದ ಮರುಬಳಕೆಯ ರೆಕ್ಕೆ ವಾಹನ ಪುಷ್ಪಕ್ 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ಹೆಲಿಕಾಪ್ಟರ್‌ನಿಂದ ಕಳಚಿಕೊಂಡು ತಾನಾಗಿಯೇ ರನ್‌ವೇಗೆ ಇಳಿಯಿತು. ಹೆಮ್ಮೆ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಮರುಬಳಕೆ ಅಂದ ಕೂಡಲೇ ಪರಿಸರಕ್ಕೆ ಒಳ್ಳೆಯದು ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಅದು ಅರ್ಧ ನಿಜ. ಪ್ರತಿ ಸಲ ಹೊಸ ರಾಕೆಟ್ ಕಟ್ಟುವುದು ತಪ್ಪುತ್ತದೆ, ಸರಿ. ಆದರೆ ಇಂಧನ ಪ್ರತಿ ಸಲವೂ ಉರಿಯಲೇಬೇಕು, ಎಂಜಿನ್ ಉರಿಸಿ ವಾಪಸ್ ಇಳಿಯುವುದಾದರೆ ಇನ್ನಷ್ಟು ಬೇಕು, ಖರ್ಚು ಇಳಿದ ಹಾಗೆ ಹಾರಾಟವೂ ಜಾಸ್ತಿಯಾಗುತ್ತದೆ. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಮರುಬಳಕೆಯ ಫಾಲ್ಕನ್ 9 ರಾಕೆಟ್ 2024ರಲ್ಲಿ 130ಕ್ಕೂ ಹೆಚ್ಚು ಸಲ ಹಾರಿತು. ಅದು ಉರಿಸುವುದು ಸೀಮೆಎಣ್ಣೆಯನ್ನು, ಬಿಡುವುದು ಕರಿಮಸಿಯನ್ನು.

ಇಲ್ಲಿ ಅದಿರು ಲಾರಿ ಓಡಾಡುವ ದಾರಿಯಲ್ಲಿ ಹುಣಸೆ ಎಲೆಗಳು ಬೇಸಿಗೆಯಿಡೀ ಧೂಳಿನಿಂದ ಕೆಂಪಾಗಿರುತ್ತವೆ, ಒಂದು ಜೋರು ಮಳೆ ಬಂದರೆ ಧೂಳು ತೊಳೆದುಹೋಗುತ್ತದೆ. ಆದರೆ ರಾಕೆಟ್ ಹೊಗೆ ಬಿಡುತ್ತಾ ಹೋಗುವ 16-17 ಕಿಲೋಮೀಟರ್ ಮೇಲೆ ಮಳೆಯೇ ಇಲ್ಲವಲ್ಲ! ಅಲ್ಲಿ ಸೇರಿದ ಮಸಿ ವರ್ಷಗಟ್ಟಲೆ ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ. ಓಝೋನ್ ಪದರ ಇರುವುದೂ ಅಲ್ಲೇ. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್‌ನ ಮೊದಲ ಹಂತದಂಥ ಘನ ಇಂಧನ ಬಿಡುವ ಕ್ಲೋರಿನ್, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್‌ನ ಪುಡಿ) ಎರಡೂ ಆ ಪದರಕ್ಕೆ ಕೆಟ್ಟವು. ಹಳೆಯ ಉಪಗ್ರಹಗಳು ಉರಿದು ಬಿದ್ದಾಗಲೂ ಲೋಹ ಅಲ್ಲೇ ಉಳಿಯುತ್ತದೆ. 2023ರಲ್ಲಿ ಅಮೆರಿಕದ ವಿಜ್ಞಾನಿಗಳು ಅಷ್ಟು ಎತ್ತರಕ್ಕೆ ವಿಮಾನ ಕಳಿಸಿ ನೋಡಿದಾಗ, ಅಲ್ಲಿ ತೇಲುವ ಗಂಧಕಾಮ್ಲದ ದೊಡ್ಡ ಕಣಗಳಲ್ಲಿ ಸುಮಾರು ಶೇ. 10ರಲ್ಲಿ ರಾಕೆಟ್, ಉಪಗ್ರಹಗಳ ಅಲ್ಯೂಮಿನಿಯಂ ಮತ್ತಿತರ ಲೋಹ ಸಿಕ್ಕಿತು.

ಭಾರತ ವರ್ಷಕ್ಕೆ ಹಾರಿಸುವುದು ಬೆರಳೆಣಿಕೆಯಷ್ಟು, ಒಪ್ಪುತ್ತೇನೆ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 8,240 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟ ಹೊಸ ರಾಕೆಟ್‌ನ ಮೊದಲ ಹಂತ ಮರುಬಳಕೆಯದು. ಅದಕ್ಕೆ ಮೀಥೇನ್ ಬಳಸುತ್ತಾರೆ, ಮಸಿ ಕಡಿಮೆ, ಒಳ್ಳೆಯ ಆಯ್ಕೆ. ಇತ್ತ ಇಸ್ರೋದ ಈಗಿನ ದೊಡ್ಡ ರಾಕೆಟ್ ಎಲ್‌ವಿಎಂ3ಗೆ ಸೀಮೆಎಣ್ಣೆ ಎಂಜಿನ್ ಕೂಡ ತಯಾರಾಗುತ್ತಿದೆ. ಲೆಕ್ಕ ಕೇಳಬೇಕಾದ್ದು ಈಗ ಅಲ್ವಾ? ನಮ್ಮಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸುವ ಹೊತ್ತಿಗೆ ಎಷ್ಟೋ ಗುಡ್ಡ ಕರಗಿಹೋಗಿತ್ತು.

ಮುಂದಿನ ಅಧಿವೇಶನದಲ್ಲಿ ಬಾಹ್ಯಾಕಾಶ ಇಲಾಖೆಗೆ ಒಂದು ಲಿಖಿತ ಪ್ರಶ್ನೆ ಹಾಕಿ. ಒಂದೊಂದು ಉಡಾವಣೆಗೂ ಎಷ್ಟು ಮಸಿ, ಕ್ಲೋರಿನ್, ಅಲ್ಯೂಮಿನಾ ಮೇಲೆ ಸೇರುತ್ತದೆ, ಅದನ್ನು ಅಳೆದು ಪ್ರತಿ ವರ್ಷ ಪ್ರಕಟಿಸುತ್ತೀರಾ ಅಂತ. ಬಂದ ಉತ್ತರವನ್ನು ಕನ್ನಡದಲ್ಲಿ ನಮಗೂ ತಿಳಿಸಿ.

ಇಂತಿ,
ಸಂಡೂರಿನ ಒಬ್ಬ ಮತದಾರ