ಪೊಲೀಸರ ಮೇಲಿನ ದೂರು ಅದೇ ಠಾಣೆಗೆ ವಾಪಸ್ ಹೋದರೆ ಹೇಗೆ? ಗೃಹ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ನಮಸ್ಕಾರ. ಪೊಲೀಸರ ಮೇಲೆ ಸಾಮಾನ್ಯ ಜನ ಕೊಡುವ ಅರ್ಜಿಗಳು ಎಲ್ಲಿಗೆ ಹೋಗುತ್ತವೆ ಅಂತ ಒಮ್ಮೆ ಹಿಂಬಾಲಿಸಿ ನೋಡಿ. ಎಸ್‌ಪಿ ಕಚೇರಿಗೆ ಕೊಟ್ಟರೆ ಅಲ್ಲಿ ಒಂದು ಸೀಲು ಬೀಳುತ್ತದೆ. ‘ಪರಿಶೀಲಿಸಿ ವರದಿ ನೀಡಿ’ ಅಂತ ಬರೆದು ಕೆಳಗೆ ಕಳಿಸುತ್ತಾರೆ, ಅಲ್ಲಿಂದ ಇನ್ನೂ ಕೆಳಗೆ, ಹೀಗೆ ಇಳಿದು ಇಳಿದು ಎಷ್ಟೋ ಸಲ ಅದು ಬಂದು ನಿಲ್ಲುವುದು ಯಾವ ಠಾಣೆಯವರ ಮೇಲೆ ದೂರಿತ್ತೋ ಅದೇ ಠಾಣೆಯ ಮೇಜಿನ ಮೇಲೆ.

ನನ್ನ ಪರಿಚಯದ ಹುಡುಗನೊಬ್ಬನಿಗೆ ಹೀಗೇ ಆಯಿತು. ರಾತ್ರಿ ಕೆಲಸ ಮುಗಿಸಿ ಬರುವಾಗ ಅವನನ್ನು ತಡೆದು, ಮೊಬೈಲ್ ಕಿತ್ತುಕೊಂಡು, ಎದುರು ಮಾತಾಡಿದ ಅಂತ ಕೆನ್ನೆಗೆ ಹೊಡೆದಿದ್ದರು. ಮೇಲಧಿಕಾರಿಗಳಿಗೆ ಅರ್ಜಿ ಬರೆದ. ಸ್ವಲ್ಪ ದಿನ ಬಿಟ್ಟು ಫೋನ್ ಬಂತು. ‘ನಿನ್ನ ಅರ್ಜಿ ಬಂದಿದೆ, ಠಾಣೆಗೆ ಬಂದು ಹೇಳಿಕೆ ಕೊಡು.’ ಹೋದ. ಹೊಡೆದವರು ಅಲ್ಲೇ ಓಡಾಡುತ್ತಿದ್ದರು. ಹೇಳಿಕೆ ಬರೆದುಕೊಂಡವರು ಅವರ ಜೊತೆಯವರೇ. ಆ ಹಾಳೆಯ ಜೆರಾಕ್ಸ್ ನಾನು ನೋಡಿದ್ದೇನೆ. ‘ತಪ್ಪು ತಿಳುವಳಿಕೆಯಿಂದ ಅರ್ಜಿ ಕೊಟ್ಟಿರುತ್ತೇನೆ, ಮುಂದಿನ ಕ್ರಮ ಬೇಡ’ ಅಂತ ಬೇರೆಯವರ ದುಂಡಗಿನ ಅಕ್ಷರ, ಕೆಳಗೆ ಇವನ ಸೊಟ್ಟ ಸಹಿ. ಆಮೇಲೆ ಅರ್ಜಿಗೆ ಇಲಾಖೆಯ ಲಿಖಿತ ಉತ್ತರ, ಅಂದರೆ ಹಿಂಬರಹ ಬಂತು: ಅರ್ಜಿದಾರರೇ ದೂರು ವಾಪಸ್ ಪಡೆದಿರುವುದರಿಂದ ಅರ್ಜಿ ಮುಕ್ತಾಯ.

ಲೆಕ್ಕದಲ್ಲಿ ಇದು ‘ವಿಲೇವಾರಿ’ ಆದ ದೂರು, ಸರ್. ಯಾರೂ ತನಿಖೆ ಮಾಡಲಿಲ್ಲ, ಆದರೂ ಫೈಲು ಮುಚ್ಚಿತು.

ಸುಳ್ಳು ದೂರುಗಳೂ ಬರುತ್ತವೆ ಅಂತ ಇಲಾಖೆಯವರು ಹೇಳುತ್ತಾರೆ. ನಿಜ, ಬರುತ್ತವೆ. ಪೊಲೀಸರ ಮೇಲಿನ ಹಗೆಗೆ, ಕೇಸಿನಿಂದ ತಪ್ಪಿಸಿಕೊಳ್ಳೋದಕ್ಕೆ ಅರ್ಜಿ ಹಾಕುವವರಿದ್ದಾರೆ. ಆದರೆ ತಪ್ಪು ಮಾಡದ ಪೊಲೀಸರಿಗೂ ಈಗಿನ ಪದ್ಧತಿಯಿಂದ ಲಾಭವಿಲ್ಲ. ತಮ್ಮ ಠಾಣೆಯವರೇ ಬರೆದುಕೊಟ್ಟ ‘ಆರೋಪ ಸಾಬೀತಾಗಿಲ್ಲ’ ಅನ್ನುವ ವರದಿಯನ್ನು ಯಾರು ನಂಬುತ್ತಾರೆ? ಹೊರಗಿನವರು ವಿಚಾರಿಸಿ ನಿರ್ದೋಷಿ ಅಂದರೆ ಅದಕ್ಕೊಂದು ಬೆಲೆ ಇರುತ್ತದೆ ಅಲ್ವಾ?

ಇದನ್ನು ನಾನು ಹೊಸದಾಗಿ ಕೇಳುತ್ತಿಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರಿನಲ್ಲೇ ಹೇಳಿತು: ಪ್ರತಿ ರಾಜ್ಯದಲ್ಲೂ, ಪ್ರತಿ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲೆಯಲ್ಲಿ, ಎಸ್‌ಪಿ ಮತ್ತು ಅದಕ್ಕಿಂತ ಮೇಲಿನವರದ್ದು ರಾಜ್ಯಮಟ್ಟದಲ್ಲಿ, ನಿವೃತ್ತ ನ್ಯಾಯಾಧೀಶರ ಮುಂದಾಳತ್ವದಲ್ಲಿ. ಅದರ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕು ಅಂತಲೂ ಆ ತೀರ್ಪಿನಲ್ಲಿದೆ. ನಮ್ಮ ರಾಜ್ಯವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರಕ್ಕೆ ಜಾಗ ಮಾಡಿತು. ಆದರೆ ಪ್ರಾಧಿಕಾರ ಅಂತ ಒಂದಿದೆ ಅನ್ನೋದು ಅರ್ಜಿ ಹಿಡಿದು ಅಲೆಯುವ ಎಷ್ಟು ಜನರಿಗೆ ಗೊತ್ತಿದೆ? ಅದೂ ಅಲ್ಲದೆ, ಪ್ರಾಧಿಕಾರ ನೋಡುವುದು ಮುಖ್ಯವಾಗಿ ದೊಡ್ಡ ಆರೋಪಗಳನ್ನು: ಕಸ್ಟಡಿ ಸಾವು, ತೀವ್ರ ಗಾಯ, ಅತ್ಯಾಚಾರ, ಸುಲಿಗೆಯಂಥವು. ಒಂದು ಕೆನ್ನೆ ಏಟು, ಒಂದು ಬೈಗುಳ, ಕಿತ್ತುಕೊಂಡ ಮೊಬೈಲು ಅಲ್ಲಿವರೆಗೆ ಹೋಗುವುದೇ ಕಷ್ಟ. ದಿನಾ ನಡೆಯುವುದು ಇವೇ. ಇವು ಇಲಾಖೆಯ ಕೈಯಲ್ಲೇ ಉಳಿಯುತ್ತವೆ.

ಕೋರ್ಟಿಗೆ ಹೋಗಲಿ ಅನ್ನಬಹುದು. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಬದಲಿಗೆ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 175(4)ನೇ ಕಲಂ ಓದಿ. ಕರ್ತವ್ಯದ ವೇಳೆಯ ಘಟನೆ ಬಗ್ಗೆ ಸರ್ಕಾರಿ ನೌಕರನ ಮೇಲೆ ತನಿಖೆಗೆ ಆದೇಶಿಸುವಾಗ ಮ್ಯಾಜಿಸ್ಟ್ರೇಟರು ಅವನ ಮೇಲಧಿಕಾರಿಯ ವರದಿ ನೋಡಬೇಕು ಅಂತಿದೆ. ಅಲ್ಲೂ ಮತ್ತೆ ಇಲಾಖೆಯದ್ದೇ ವರದಿ. ಅದಕ್ಕೇ ಆ ವರದಿ ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ಅನ್ನುವುದು ಇಷ್ಟು ಮುಖ್ಯ.

ನಿಮ್ಮ ಒಂದು ಸುತ್ತೋಲೆಯಿಂದಲೇ ಆಗುವ ಕೆಲಸಗಳಿವೆ. ದೂರು ಕೊಟ್ಟವರನ್ನು ಅದೇ ಠಾಣೆಗೆ ಕರೆಯಬಾರದು. ವಿಚಾರಣೆ ಬೇರೆ ಉಪವಿಭಾಗದ ಅಧಿಕಾರಿಯೇ ಮಾಡಬೇಕು, ಹೇಳಿಕೆಯನ್ನು ದೂರುದಾರ ಬಯಸುವ ಬೇರೆ ಜಾಗದಲ್ಲಿ ಅವನ ಕಡೆಯವರೊಬ್ಬರ ಮುಂದೆ ಪಡೆಯಬೇಕು, ಅದರ ಪ್ರತಿ ಆಗಲೇ ಕೈಗೆ ಕೊಡಬೇಕು. ದೂರು ವಾಪಸ್ ಅಂದರೆ ತಕ್ಷಣ ಫೈಲು ಮುಚ್ಚದೆ, ಯಾಕೆ ವಾಪಸ್ ಅಂತ ಆ ಹೊರಗಿನ ಅಧಿಕಾರಿ ಖುದ್ದು ಕೇಳಬೇಕು.

ಸಿಸಿಟಿವಿ ವಿಷಯವೂ ಇದೆ. 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಇಟ್ಟುಕೊಳ್ಳಬೇಕು ಅಂದಿತ್ತು. ಠಾಣೆಯೊಳಗಿನ ಘಟನೆ ಬಗ್ಗೆ ದೂರು ಬಂದ ದಿನವೇ ಆ ದೃಶ್ಯವನ್ನು ಬೇರೆ ಕಚೇರಿಗೆ ತೆಗೆಸಿಡಿ. ಆಮೇಲೆ ‘ಕ್ಯಾಮೆರಾ ಕೆಟ್ಟಿತ್ತು’ ಅಂದರೆ ಅದಕ್ಕೂ ಒಬ್ಬರು ಉತ್ತರ ಕೊಡಬೇಕಾಗಲಿ.

ಇನ್ನೊಂದೇ ಬೇಡಿಕೆ. ಮುಂದಿನ ಅಧಿವೇಶನದಲ್ಲಿ ಜಿಲ್ಲಾವಾರು ಲೆಕ್ಕ ಸದನದ ಮುಂದಿಡಿ: ಕಳೆದ ವರ್ಷ ಪೊಲೀಸರ ಮೇಲೆ ಬಂದ ಅರ್ಜಿ ಎಷ್ಟು, ಆರೋಪಿತರ ಠಾಣೆಗೇ ವಾಪಸ್ ಹೋದದ್ದು ಎಷ್ಟು, ‘ದೂರುದಾರರೇ ಹಿಂಪಡೆದರು’ ಅಂತ ಮುಚ್ಚಿದ್ದು ಎಷ್ಟು. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ರಾಜ್ಯದ ಒಬ್ಬ ಮತದಾರ