ಮಲೆನಾಡಿನ ಮಳೆಗಾಲಕ್ಕೂ ಒದಗುವ ಸೋಲಾರ್ ಬೇಕು

ಸಂಪಾದಕರೇ,

ಮನೆ ಮೇಲೆ ಸೋಲಾರ್ ಹಾಕಿಸಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಸಕಲೇಶಪುರದ ಕಡೆಯ ಹಳೇ ಹೆಂಚಿನ ಮನೆಗಳ ಮೇಲೆ, ಒಂದೊಂದೂ ಇಪ್ಪತ್ತು ಕೆ.ಜಿ. ತೂಗುವ ಗಾಜಿನ ಪ್ಯಾನೆಲ್‌ಗಳನ್ನು ಸಾಲಾಗಿ ಕೂರಿಸುವುದು ಸುಲಭವಲ್ಲ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ ಕೂಡ ಚದರ ಮೀಟರಿಗೆ 1000 ವ್ಯಾಟ್ ಬಿಸಿಲಿನಲ್ಲಿ ಅಳೆದ ಲೆಕ್ಕ. ಜುಲೈನಲ್ಲಿ ನಮಗೆ ಆ ಬಿಸಿಲು ಎಲ್ಲಿಂದ ಬರಬೇಕು?

ಅದೇ ಮಬ್ಬಿನಲ್ಲಿ, ಸಿಲ್ವರ್ ಓಕ್ ನೆರಳಿನಲ್ಲಿ, ಕಾಫಿ ಗಿಡ ಬದುಕುತ್ತದೆ ಅಲ್ವಾ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ, ಎಷ್ಟು ತೆಳು! ಅದರೊಳಗೆ ಪತ್ರಹರಿತ್ತಿನ ಪೊರೆಗಳು ಒಂದರ ಮೇಲೊಂದು ಅಟ್ಟಿ ಕಟ್ಟಿರುತ್ತವೆ, ನೆರಳಿನ ಎಲೆಯಲ್ಲಿ ಆ ಅಟ್ಟಿ ಇನ್ನೂ ಎತ್ತರ. ನೂರಾರು ಅಣುಗಳು ಬೆಳಕು ಹಿಡಿದು ಒಂದೇ ಕೇಂದ್ರಕ್ಕೆ ದಾಟಿಸುತ್ತವೆ, ಎಲೆಕ್ಟ್ರಾನ್ ಬೇರೆಯಾಗುವುದು ಅಲ್ಲಿ. ಎಲೆಯ ತಳಭಾಗದ ಸಡಿಲ ಪದರದಲ್ಲಿ ಬೆಳಕು ಅತ್ತಿತ್ತ ಚದುರಿ ಸುತ್ತುವುದರಿಂದ ಸುಮ್ನೆ ಹಾದುಹೋಗುವುದು ಕಡಿಮೆ.

ಈಗಿನ ಪ್ಯಾನೆಲ್‌ಗಳಲ್ಲಿರುವ ಸಿಲಿಕಾನ್‌ಗೆ ಬೆಳಕು ಹೀರಲು ನೂರೈವತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಆಸುಪಾಸಿನ ದಪ್ಪ ಕೊಡುತ್ತಾರೆ. ಮಾಲಿಬ್ಡಿನಂ ಡೈಸಲ್ಫೈಡ್ ಎಂಬ, ಸಿಲಿಕಾನ್‌ನಂಥದೇ ಇನ್ನೊಂದು ಅರೆವಾಹಕದ ಒಂದೇ ಪದರ, ಒಂದು ನ್ಯಾನೋಮೀಟರಿಗಿಂತ (ಮೈಕ್ರಾನ್‌ನ ಸಾವಿರದಲ್ಲೊಂದು ಪಾಲು) ತೆಳುವಾಗಿದ್ದೂ, ಬಿಸಿಲಿನ ಶೇ 5ರಿಂದ 10ರಷ್ಟನ್ನು ಹೀರಬಲ್ಲದು. ಇಂಥ ಪದರಗಳನ್ನು ಪೇರಿಸಿ, ಹಿಂದೆ ಕನ್ನಡಿ ಇಟ್ಟು, ಬೆಳಕನ್ನು ಒಳಗೇ ಓಡಾಡಿಸುವ ಪ್ರಯತ್ನ ಪ್ರಯೋಗಾಲಯಗಳಲ್ಲಿ ನಡೆದಿದೆ. 1991ರಲ್ಲಿ ಗ್ರೆಟ್ಜೆಲ್ ಮತ್ತು ಓ'ರೇಗನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಸೌರಕೋಶದಲ್ಲೂ (ಬೆಳಕನ್ನು ಕರೆಂಟ್ ಮಾಡುವ ಬಿಲ್ಲೆ) ಎಲೆಯ ಹಾಗೆ ಬೆಳಕು ಹಿಡಿಯಲು ಒಂದು ಬಣ್ಣ, ಎಲೆಕ್ಟ್ರಾನ್ ಒಯ್ಯಲು ಬೇರೊಂದು ವಸ್ತು. ಅಂಥ ಕೋಶ ಮಬ್ಬು ಬೆಳಕಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ, ನಮಗೆ ಬೇಕಾದ್ದು ಅದೇ.

ಎಲೆಯನ್ನು ಪೂರ್ತಿ ನಕಲು ಮಾಡಿ ಎನ್ನುತ್ತಿಲ್ಲ. ಬೆಳೆಗಳು ಬಿಸಿಲಿನ ಶೇ 1–2ರಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತವೆ, ಪ್ಯಾನೆಲ್‌ಗಳು ಶೇ 20 ದಾಟಿವೆ. ಇಂಥ ತೆಳು ಸೌರಕೋಶಗಳ ಬಾಳಿಕೆಯೂ ಇನ್ನೂ ದೊಡ್ಡ ತಲೆನೋವು. ನೀರು, ಗಾಳಿ ತಗುಲಿದರೆ ಬೇಗ ಕೆಡುವಂಥವು ಅವುಗಳಲ್ಲಿ ಜಾಸ್ತಿ.

ಅದಕ್ಕೇ ಪರೀಕ್ಷೆ ಇಲ್ಲೇ ನಡೆಯಲಿ. ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳು ಮಾರುಕಟ್ಟೆಯಲ್ಲಿ ಸಿಗುವ ತೆಳು ಪ್ಯಾನೆಲ್‌ಗಳನ್ನಾದರೂ ಹೆಂಚಿನ ಮೇಲೆ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪಾಚಿ ಕಟ್ಟಿದ ಮೇಲೂ ಎಷ್ಟು ಕರೆಂಟ್ ಬರುತ್ತದೆ ಎಂದು ಅಳೆಯಲಿ. ನೆರಳಿನ ಎಲೆಯನ್ನು ಬಲ್ಲ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನೂ ಜೊತೆಗೆ ಕೂರಿಸಿಕೊಳ್ಳಲಿ. ಸಿಕ್ಕ ಲೆಕ್ಕವನ್ನು ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ, ಕನ್ನಡದಲ್ಲೇ, ತಿಂಗಳು ತಿಂಗಳೂ ಹಾಕಿ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ