ಮಗಳಿಗೊಂದು ಪತ್ರ: ಬೆಲ್ಟ್ ಎರಡಿರಲಿ

ಅಂಕೋಲಾ, ಭಾನುವಾರ

ಪುಟ್ಟಿ,

ವ್ಯಾನಿನ ಫೋಟೋ ಬಂದಾಗಿನಿಂದ ನಿನ್ನ ಆಯಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಗ್ಯಾರೇಜಿನವನ ಮಗಳು ಇನ್ನೇನು ಕೊಂಡಾಳು ಅಂತ ನಾನು ನಕ್ಕದ್ದೇ ತಪ್ಪಾಯಿತು. 1976ರ ಫೋಕ್ಸ್‌ವ್ಯಾಗನ್, ಮೂವರು ಹುಡುಗಿಯರು, ಮ್ಯೂನಿಕ್‌ನಿಂದ ಅಂಕೋಲೆಗೆ! ಫೋನಿನಲ್ಲಿ ಹೇಳಹೋದರೆ ನಡುವೆಯೇ ‘ಗೊತ್ತಪ್ಪಾ’ ಅನ್ನುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

1978ರ ಶುರುವಿನ ಮಾತು. ನನಗೆ ಹದಿನಾಲ್ಕು, ಮೇಸ್ತ್ರಿಗೆ ಸ್ಪ್ಯಾನರ್ ಎತ್ತಿ ಕೊಡುವ ಕೆಲಸ. ಗೋವಾದಿಂದ ಕೇರಳಕ್ಕೆ ಹೊರಟಿದ್ದ ಇಂಥದೇ ವ್ಯಾನೊಂದನ್ನು ಲಾರಿಯವರು ಹಗ್ಗ ಕಟ್ಟಿ ಎಳೆದು ತಂದರು. ಒಳಗೆ ಜರ್ಮನಿಯ ಇಬ್ಬರು. ಗಂಡ ಹೆಂಡತಿಯೋ ಅಲ್ಲವೋ ಅನ್ನುವುದೇ ಊರಿಗೆಲ್ಲ ಚರ್ಚೆ. ಮೇಸ್ತ್ರಿ ಮುಂದೆ ಎಂಜಿನ್ ಹುಡುಕಿದರು, ಇಲ್ಲ. ನೀರು ಹೊಯ್ಯೋಣವೆಂದರೆ ರೇಡಿಯೇಟರೂ ಇಲ್ಲ. ಎಂಜಿನ್ ಹಿಂದಿದೆ, ಗಾಳಿಯಲ್ಲೇ ತಣಿಯುತ್ತದೆ ಅಂತ ತಿಳಿಯುವಷ್ಟರಲ್ಲಿ ಅರ್ಧ ಅಂಕೋಲೆ ಸುತ್ತ ನೆರೆದಿತ್ತು.

ಕಡಿದದ್ದು ಫ್ಯಾನ್ ಬೆಲ್ಟ್. ಪಂಪ್‌ಸೆಟ್ ಅಂಗಡಿಯಲ್ಲಿ ಹೆಚ್ಚುಕಡಿಮೆ ಅದೇ ಅಳತೆಯದು ಸಿಕ್ಕಿತು. ಬಿಗಿ ಮಾಡುವುದು ಹೇಗೆ? ಜೀಪಿನಲ್ಲಾದರೆ ಬೋಲ್ಟ್ ಸಡಿಲಿಸಿ ಡೈನಮೋವನ್ನೇ ಜಗ್ಗುತ್ತೇವೆ. ಇದು ಜಪ್ಪಯ್ಯ ಅನ್ನಲಿಲ್ಲ. ಆ ಹುಡುಗಿ ನನ್ನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು, ಪುಲ್ಲಿಯ ಕಚ್ಚಿಗೆ ಸ್ಕ್ರೂಡ್ರೈವರ್ ಆನಿಸಿ ನಟ್ ಬಿಚ್ಚಿದಳು. ಪುಲ್ಲಿ ಎರಡು ಹೋಳಾಗಿ ಬಂತು. ನಡುವೆ ತೆಳ್ಳನೆಯ ವಾಷರ್‌ಗಳ ಅಟ್ಟಿ. ಒಂದನ್ನು ತೆಗೆದರೆ ಹೋಳುಗಳು ಹತ್ತಿರ ಬಂದು ಬೆಲ್ಟ್ ಮೇಲಕ್ಕೇರುತ್ತದೆ, ಬಿಗಿಯಾಗುತ್ತದೆ. ತೆಗೆದದ್ದನ್ನು ಬಿಸಾಡದೆ ನಟ್ಟಿನ ಕೆಳಗೇ ಹಾಕಿದಳು. ಮೇಸ್ತ್ರಿ ಅವತ್ತು ದುಡ್ಡು ತಗೊಳ್ಳಲಿಲ್ಲ. ‘ಪಾಠ ಹೇಳಿದವರ ಹತ್ತಿರ ಹ್ಯಾಂಗೆ ಕೇಳೂದು?’ ಅಂದರು.

ಹೊರಡುವ ಮುಂಚೆ ಅವಳು ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದಳು. ಇಸ್ತಾಂಬುಲ್, ಎರ್ಜುರುಮ್, ತಬ್ರೀಜ್, ಟೆಹರಾನ್, ಮಶಾದ್, ಹೆರಾತ್, ಕಂದಹಾರ್, ಕಾಬೂಲ್, ಖೈಬರ್, ಲಾಹೋರ್. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಮರುವರ್ಷ ಇರಾನಿನಲ್ಲಿ ಕ್ರಾಂತಿ, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ದಾರಿ ಅಲ್ಲಿಗೆ ಮುಗಿಯಿತು.

ನಿನ್ನ ನಕ್ಷೆಯಲ್ಲೂ ಅರ್ಧ ಅವೇ ಹೆಸರುಗಳಿವೆ. ಆದರೆ ಅವಳದು ಜರ್ಮನ್ ಪಾಸ್‌ಪೋರ್ಟ್, ನಿನ್ನದು ನಮ್ಮದು; ಪಾಕಿಸ್ತಾನದ ವೀಸಾ ಅಂದರೆ ಏನೆಂದು ನಾನು ಹೇಳಬೇಕಿಲ್ಲ. 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ಗೇಟನ್ನೂ ಮುಚ್ಚಿದರು. ಮನೆಗೇ ಮುಟ್ಟಬೇಕೆಂಬ ಹಟ ಬೇಡ. ಟರ್ಕಿಯ ಆ ಕೊನೆಯಲ್ಲಿ ದೊಗುಬಯಾಜಿತ್ ಅಂತ ಊರಿದೆ, ಅಲ್ಲಿಂದ 5,137 ಮೀಟರಿನ ಅರರಾತ್ ಕಾಣುತ್ತದೆ. ನೋಡಿ ತಿರುಗಿಸು. ಊರಿಗೆ ವಿಮಾನದಲ್ಲಿ ಬಾ.

ಇಲ್ಲ, ಹಡಗಿಗೆ ಹಾಕಿಯಾದರೂ ತರುತ್ತೇವೆ ಅನ್ನುವುದಾದರೆ ಕಾರ್ನೆ ಯಾರ ಹೆಸರಿನಲ್ಲಿ ಅಂತ ಮೊದಲು ಹೇಳು. ಸುಂಕ ಕಟ್ಟದೆ ಗಾಡಿಯನ್ನು ದೇಶದೊಳಗೆ ಬಿಡುವ ಪುಸ್ತಕ ಅದು. ಒಳಬಂದ ಮುದ್ರೆ ಇದ್ದು ಹೊರಹೋದ ಮುದ್ರೆ ಬೀಳದಿದ್ದರೆ ಗಾಡಿ ಮಾರಿಕೊಂಡಿರಿ ಅಂತ ಲೆಕ್ಕ; ಸುಂಕ ನಿಮ್ಮ ತಲೆಗೆ. ಅಂದರೆ ಕೆಟ್ಟ ಗಾಡಿಯನ್ನು ದಾರಿಯಲ್ಲಿ ಬಿಟ್ಟು ಬರುವ ಹಾಗೂ ಇಲ್ಲ. ಮೂವರ ವ್ಯಾನು, ಸಹಿ ಒಬ್ಬಳದೇ ಆದರೆ ಸ್ನೇಹ ಕೆಡಲು ಬೇರೆ ಕಾರಣ ಬೇಡ. ನಮ್ಮ ಮೂವರು ಅಣ್ಣತಮ್ಮಂದಿರ ಟೆಂಪೋ ಕಥೆ ನಿನಗೆ ಗೊತ್ತೇ ಇದೆ.

ಗಾಡಿಯ ವಿಷಯ ಒಂದೇ. ಓಡುವಾಗ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗಿನ ಕೆಂಪು ದೀಪ ಹತ್ತಿದರೆ, ಬ್ಯಾಟರಿ ತಾನೇ, ಮುಂದಿನ ಊರಲ್ಲಿ ನೋಡೋಣ ಅನ್ನಬೇಡ. ಡೈನಮೋ, ಎಂಜಿನ್ ತಣಿಸುವ ಫ್ಯಾನು ಎರಡಕ್ಕೂ ಅದೊಂದೇ ಬೆಲ್ಟ್. ಕಡಿದ ಮೇಲೂ ಓಡಿಸಿದರೆ ಎಂಜಿನ್ ಬೆಂದುಹೋಗುತ್ತದೆ. ಅಲ್ಲೇ ಬದಿಗೆ ಹಾಕು. ಬೆಲ್ಟ್ ಎರಡಿರಲಿ, 21ರ ಸ್ಪ್ಯಾನರ್ ಸೀಟಿನ ಕೆಳಗಿರಲಿ.

ಆಯಿ ಮಾತು ಬಿಟ್ಟರೂ ಮಿಡಿ ಉಪ್ಪಿನಕಾಯಿ ಕಟ್ಟುತ್ತಿದ್ದಾಳೆ, ಯಾರಿಗೆಂದು ನಾನು ಕೇಳಿಲ್ಲ. ನೀನು ಈ ವಾರ ಪುಲ್ಲಿ ಬಿಚ್ಚಿ, ನಡುವೆ ಎಷ್ಟು ವಾಷರ್ ಇವೆ, ನಟ್ಟಿನ ಕೆಳಗೆ ಎಷ್ಟು, ಎಣಿಸಿ ಬರೆ. ಫೋಟೋ ಬೇಡ, ನಿನ್ನ ಕೈಯಾರೆ ಬಿಚ್ಚಿ ಎಣಿಸು.

ನಿನ್ನ
ಅಪ್ಪ